ಹೂಗಾರ ಮೇಡಂ ತಡೆದ ಮೇಲ್

"ಮೇಲ್ ಹೋಯಿತಾ ಮೇಡಂ?" ಎಂದು ಕೇಳಿದರೆ ಹೂಗಾರ ಮೇಡಂ ಒಂದು ದಿನವೂ "ಹೋಯಿತು" ಎಂದವರಲ್ಲ. ಕನ್ನಡಕ ಸರಿಮಾಡಿಕೊಂಡು, ಪರದೆಯ ಸಾಲುಗಳ ಮೇಲೆ ಬೆರಳಾಡಿಸಿ, ಬೇಕಾದ ಸಾಲು ಸಿಕ್ಕ ಮೇಲೆ ನಿಧಾನವಾಗಿ ಹೇಳುತ್ತಿದ್ದರು: "ನಾವು ಬಿಟ್ಟೀವಿ. ಅವ್ರು ತಗೊಂಡಾರ. ಓದ್ಯಾರೋ ಇಲ್ಲೋ, ಅದು ನನಗ ಗೊತ್ತಿಲ್ಲ." ಫೋನಿನ ಆ ಬದಿಯಲ್ಲಿ ಡಾಕ್ಟರು ಕಿರುಚುತ್ತಿದ್ದರೂ ಅಷ್ಟೇ, ನಮ್ಮ ಮ್ಯಾನೇಜರ್ ದೇಶಮುಖ್ ಸರ್ ಬೆನ್ನ ಹಿಂದೆ ಬಂದು ನಿಂತರೂ ಅಷ್ಟೇ. ಈ ಮೂರು ಮಾತಿಗೆ ಒಂದು ಕೂಡುತ್ತಿರಲಿಲ್ಲ, ಒಂದು ಕಳೆಯುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಯಾಕೆಂದರೆ ಆ ಡಾಕ್ಟರಿಗೆ ಉತ್ತರ ಕೊಡಬೇಕಾದವನು ನಾನು.

ನಮ್ಮದು ಐರೋಲಿಯ ಒಂದು ರೋಗಪರೀಕ್ಷೆಯ ಕಂಪನಿ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಸಣ್ಣ ದೊಡ್ಡ ಆಸ್ಪತ್ರೆಗಳಿಂದ ರಕ್ತ, ಕಫ, ಗಡ್ಡೆಯ ತುಂಡು ನಮ್ಮ ಲ್ಯಾಬಿಗೆ ಬರುತ್ತಿದ್ದವು. ವರದಿಗಳು ಮೇಲ್ ಮೂಲಕ ಹಿಂದಿರುಗುತ್ತಿದ್ದವು. ನಾನು ಆಸ್ಪತ್ರೆಗಳ ದೂರು ಕೇಳುವ ವಿಭಾಗದಲ್ಲಿದ್ದೆ. ಹೂಗಾರ ಮೇಡಂ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದರು. ಪೂರ್ತಿ ಹೆಸರು ನೀಲಾ ಹೂಗಾರ, ಊರು ಗದಗ. ಐವತ್ತರ ಆಸುಪಾಸು, ಕುಳ್ಳು ಆಳು. ಸರ್ವರ್ ಕೋಣೆಯ ಎಸಿಗೆಂದು ಮೇ ತಿಂಗಳಲ್ಲೂ ಸೀರೆಯ ಮೇಲೆ ಕಂದು ಸ್ವೆಟರ್. ಅದರಲ್ಲೇ ಲೋಕಲ್ ಹತ್ತಿ ಬೆವರು ಒರೆಸಿಕೊಳ್ಳುತ್ತ ಡೊಂಬಿವಲಿಗೆ ಹೋಗುತ್ತಿದ್ದರು. ಅವರ ಗಂಡ ಠಾಣೆ ಪಕ್ಕದ ಕಳವಾ ಊರಿನ ರೈಲ್ವೆ ಕಾರ್‌ಶೆಡ್‌ನಲ್ಲಿ ಫಿಟ್ಟರ್ ಆಗಿದ್ದವರು. ನಾನು ಅವರನ್ನು ನೋಡಿರಲಿಲ್ಲ. ಮನೆಯ ವಿಷಯ ಮೇಡಂ ಆಫೀಸಿಗೆ ತರುತ್ತಿರಲಿಲ್ಲ.

ನಾನು ಡೊಂಬಿವಲಿಯಲ್ಲೇ ಹುಟ್ಟಿದವನು. ಅಪ್ಪ ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದರು. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಆಫೀಸಿನಲ್ಲಿ ಹಿಂದಿ. ಕನ್ನಡ ಮಾತಾಡುವ ಅವಕಾಶ ಸಿಗುತ್ತಿದ್ದದ್ದು ಮೇಡಂ ಜೊತೆ ಮಾತ್ರ, ಅದೂ ಬಹುಮಟ್ಟಿಗೆ ಜಗಳ. ಅವರ ಗದಗಿನ ಕನ್ನಡ ಮೊದಮೊದಲು ನನಗೆ ಅರ್ಧ ತಿಳಿಯುತ್ತಿರಲಿಲ್ಲ. ನನ್ನ "ಎಂತ ಮೇಡಂ" ಕೇಳಿ ಅವರಿಗೆ ನಗು ಬರುತ್ತಿತ್ತು. ನನ್ನ ಹೆಸರು ಪ್ರಭಾಕರ. ಅವರ ಬಾಯಲ್ಲಿ ಮೊದಲ ದಿನದಿಂದ "ಶೆಟ್ರ" ಆದೆ, ಕೊನೆಯವರೆಗೂ ಅದೇ.

ಜಗಳ ಯಾವುದರದ್ದೆಂದು ಹೇಳಬೇಕು. ಒಂದು ಕಂಪನಿಯ ಸರ್ವರ್ ಇನ್ನೊಂದರ ಸರ್ವರಿಗೆ ಮೇಲ್ ಕೊಡುವಾಗ ಮೊದಲು ಬಾಗಿಲಲ್ಲಿ ನಿಂತು ಕೇಳುತ್ತದಂತೆ, ನಿನಗೆ ಎನ್‌ಕ್ರಿಪ್ಟ್ ಮಾಡಿದ್ದು ಬರುತ್ತದೆಯೇ ಎಂದು. ಬರುತ್ತದೆ ಎಂದರೆ ದಾರಿಯಲ್ಲಿ ಯಾರಿಗೂ ಓದಲಾಗದ ಹಾಗೆ ಕೊಡುತ್ತದೆ. ಬರುವುದಿಲ್ಲ ಎಂದರೆ, ಹೋಗಲಿ ಎಂದು ಬಿಚ್ಚಿದ್ದನ್ನೇ ಕೊಟ್ಟು ಬರುತ್ತದೆ. ಮೇಲ್ ತಲುಪಿದರೆ ಸಾಕು ಎನ್ನುವವರಿಗೆ ಅದು ಅನುಕೂಲ. ಮೇಡಂ ಕಂಪನಿಗೆ ಬಂದ ಮೊದಲ ವರ್ಷವೇ ಇದನ್ನು ತಿರುಗಿಸಿದ್ದರು. ಎನ್‌ಕ್ರಿಪ್ಟ್ ಇಲ್ಲದಿದ್ದರೆ ನಮ್ಮ ಸರ್ವರ್ ಮೇಲ್ ಕೊಡಲೇಬಾರದು. ಆ ಕಡೆಯ ಸರ್ವರಿನ ಗುರುತು ಖಚಿತಪಡಿಸುವ ಸರ್ಟಿಫಿಕೇಟಿನ ಅವಧಿ ಮೀರಿದ್ದರೂ ಕೊಡಬಾರದು, ಅದರಲ್ಲಿ ಬೇರೆ ಹೆಸರಿದ್ದರೂ ಕೊಡಬಾರದು. ಸಾಲಿನಲ್ಲಿ ಹಿಡಿದಿಟ್ಟುಕೊಂಡು ಮತ್ತೆ ಮತ್ತೆ ಯತ್ನಿಸಬೇಕು, ಐದು ದಿನವಾದರೂ ಆಗದಿದ್ದರೆ ಕಳಿಸಿದವರಿಗೆ ಹಿಂದಿರುಗಿಸಬೇಕು. ಆಸ್ಪತ್ರೆಗಳಿಗೆ ಇದೆಲ್ಲ ಏನು ಗೊತ್ತು? ಅವರಿಗೆ ಗೊತ್ತಿದ್ದದ್ದು ವರದಿ ಬಂದಿಲ್ಲ ಎಂಬುದು, ಮತ್ತು ನನ್ನ ಫೋನ್ ನಂಬರ್.

ದಿವಾ ಎಂಬ ಊರಿನ ಒಂದು ನರ್ಸಿಂಗ್ ಹೋಂನ ಡಾಕ್ಟರು ಒಂದು ಶನಿವಾರ ಬೆಳಿಗ್ಗೆಯಿಂದ ಐದು ಸಲ ಫೋನ್ ಮಾಡಿದ್ದರು. ಐದನೆಯದರಲ್ಲಿ ಅವರು ನನ್ನ ತಾಯಿಯನ್ನು ನೆನೆದದ್ದು ಕೇಳಿ ನಾನು ನೆಟ್ಟಗೆ ಮೇಡಂ ಟೇಬಲಿಗೆ ಹೋದೆ.

"ಇವರಿಗೊಬ್ಬರಿಗೆ ರೂಲ್ ತೆಗೀರಿ ಮಾರಾಯ್ರೆ. ಅವರ ಸರ್ವರ್‌ಗೆ ಬರುವುದಿಲ್ಲವಂತೆ. ಹನ್ನೆರಡು ಹಾಸಿಗೆಯ ಆಸ್ಪತ್ರೆ, ಅವರ ಮೇಲ್ ಯಾರು ಓದ್ತಾರೆ?"

"ಯಾರು ಓದ್ತಾರ," ಎಂದು ಅವರು ನನ್ನ ಮಾತನ್ನೇ ಹೇಳಿಕೊಂಡು ಪರದೆ ಆರಿಸಿದರು. ಆಮೇಲೆ ಡಬ್ಬಿ ಚೀಲಕ್ಕೆ ಹಾಕಿಕೊಂಡು ಎದ್ದರು. "ನಡೀರಿ ಶೆಟ್ರ, ಹೋಗೂಣು."

"ಎಲ್ಲಿಗೆ?"

"ದಿವಾಕ್ಕ. ಅವ್ರಿಗೆ ಬರೂದಿಲ್ಲಂದ್ರ ಕಲಿಸಿ ಬರೂಣು."

ಮಧ್ಯಾಹ್ನದ ಲೋಕಲ್ಲಿನಲ್ಲಿ ಠಾಣೆಯಿಂದ ದಿವಾಕ್ಕೆ ಹೋದೆವು. ಹಳಿಗೆ ಅಂಟಿಕೊಂಡ ಹಾಗೆ ಕಟ್ಟಿದ ಕಟ್ಟಡಗಳ ನಡುವೆ, ಎರಡು ರಿಕ್ಷಾ ಎದುರುಬದುರಾದರೆ ನಿಲ್ಲುವ ಗಲ್ಲಿಯಲ್ಲಿ ಆ ನರ್ಸಿಂಗ್ ಹೋಂ. ಸರ್ವರ್ ಎಂದರೆ ಎಕ್ಸ್‌ರೇ ಕೋಣೆಯ ಪಕ್ಕ, ಮೆಟ್ಟಿಲ ಕೆಳಗಿಟ್ಟ ಒಂದು ಹಳೆ ಕಂಪ್ಯೂಟರು. ಅದರ ಮೇಲೆ ಗಣಪತಿ ಫೋಟೋ, ಊದಿನಕಡ್ಡಿಯ ಬೂದಿ. ಅದನ್ನು ನೋಡಿಕೊಳ್ಳುತ್ತಿದ್ದವರು ಡಾಕ್ಟರ ಭಾವಮೈದುನ, ನಲವತ್ತು ದಾಟಿದ ಸಾಧು ಮನುಷ್ಯ. ಮೇಡಂ ನೆಲದ ಮೇಲೆ ಪೇಪರ್ ಹಾಸಿ ಕೂತರು. ಗದಗಿನ ಧಾಟಿಯ ಮರಾಠಿಯಲ್ಲಿ ಅವರಿಗೆ ಒಂದೊಂದೇ ಹೆಜ್ಜೆ ಹೇಳಿ ಬರೆಸಿದರು. ತಾವೇ ಮಾಡಿದ್ದರೆ ಅರ್ಧ ಗಂಟೆಯ ಕೆಲಸ. ಅವರ ಕೈಯಿಂದ ಮಾಡಿಸಿದ್ದರಿಂದ ಸಂಜೆಯಾಯಿತು. ಕೊನೆಗೆ ಬೆಳಗಿನಿಂದ ಕಾದಿದ್ದ ಏಳು ವರದಿಗಳು ಒಂದರ ಹಿಂದೆ ಒಂದು ಬಂದವು. ಬೈದಿದ್ದ ಡಾಕ್ಟರು ನಮಗೆ ವಡಾಪಾವ್ ತರಿಸಿದರು. ಮೇಡಂ ತಿನ್ನಲಿಲ್ಲ. ತಮ್ಮ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಭಾವಮೈದುನರಿಗೂ ಒಂದು ರೊಟ್ಟಿ ಕೊಟ್ಟರು.

ಹಿಂದಿರುಗುವಾಗ ದಿವಾ ಸ್ಟೇಷನ್ನಿನಲ್ಲಿ ಎರಡು ಗಾಡಿ ಬಿಟ್ಟೆವು, ಹತ್ತಲು ಜಾಗವಿರಲಿಲ್ಲ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತಾಗ ಅವರು ತಾವಾಗಿಯೇ ಹೇಳಿದರು.

"ಯಾರು ಓದ್ತಾರ ಅಂದ್ರೆಲ್ಲ, ಹೇಳ್ತೀನಿ ಕೇಳ್ರಿ. ನಾ ಇದರ ಹಿಂದಿನ ಕಂಪನ್ಯಾಗ ಇದ್ದಾಗ ಕಳವಾ ಊರಾಗ ಒಂದು ದವಾಖಾನಿ ಇತ್ತು. ಅವ್ರ ಇಂಟರ್ನೆಟ್ಟು ಅಲ್ಲೇ ಗಲ್ಲಿಯ ಕೇಬಲ್ನವ್ರದು. ಏನೋ ಫಾಲ್ಟ್ ಆಗೇತಿ ಅಂತ ಕೇಬಲ್ ಹುಡುಗ ಲೈನಿನ್ಯಾಗ ಹೋಗೂದು ಬರೂದು ಎಲ್ಲಾ ಹಿಡದು ನೋಡ್ಯಾನ. ನಮ್ಮ ರಿಪೋರ್ಟು ಬಿಚ್ಚಿದ್ದ ಹೋಗಾಕತ್ತಿತ್ತು. ಅದರಾಗ ಅವ್ನ ಚಾಳಿನ ಸಾಲುಮನ್ಯಾಗಿನ ಒಬ್ಬಾಂವನ ಹೆಸರು. ಎಚ್‌ಐವಿ. ವಾರದಾಗ ಇಡೀ ಚಾಳಿಗೆ ಗೊತ್ತಾತು. ನಳದಾಗ ನೀರು ಹಿಡೀಲಿಕ್ಕೆ ಬಿಡ್ಲಿಲ್ಲ. ಹೇಣ್ತಿ ಎರಡು ಮಕ್ಕಳನ್ನ ಕರ್ಕೊಂಡು ತವರಿಗೆ ಹೋದ್ಲು. ಆಂವ ಮುಂಬ್ರಾ ಕಡೆ ಗಾಡಿಗೆ..." ಅವರು ಹಳಿಯ ಕಡೆ ನೋಡಿ ಮಾತು ನಿಲ್ಲಿಸಿದರು.

"ಅದು ನಿಮ್ಮ ತಪ್ಪಲ್ಲವಲ್ಲ ಮೇಡಂ."

"ಸರ್ವರ್ ನನ್ನ ಕೈಯಾಗಿತ್ತು ಶೆಟ್ರ. ಸಿಗದಿದ್ರ ಬಿಚ್ಚಿದ್ದು ಕೊಡು ಅಂತ ಬರದದ್ದು ನಾನ. ಎಲ್ಲಾರೂ ಹಂಗ ಬರೀತಾರ, ನಾನೂ ಬರದೆ."

ಆ ದಿನದಿಂದ ನಾನು ರೂಲ್ ತೆಗೆಯಿರಿ ಎಂದು ಕೇಳುವುದನ್ನು ಬಿಟ್ಟೆ.

ಅವರ ರೂಲ್ ನಡೆಯುತ್ತಿದ್ದದ್ದು ಕಂಪ್ಯೂಟರಿನಿಂದಲ್ಲ, ಒಂದು ಉದ್ದನೆಯ ನೋಟ್‌ಬುಕ್ಕಿನಿಂದ. ಅದರಲ್ಲಿ ಪ್ರತಿ ಆಸ್ಪತ್ರೆಗೂ ಒಂದು ಪುಟ. ಅಲ್ಲಿಯ ಸರ್ವರ್ ನೋಡಿಕೊಳ್ಳುವವರ ಹೆಸರು, ಫೋನು, ಸರ್ಟಿಫಿಕೇಟ್ ಮುಗಿಯುವ ದಿನ. ಮುಗಿಯಲು ಹದಿನೈದು ದಿನವಿರುವಾಗ ಒಂದು ಫೋನು, ವಾರವಿರುವಾಗ ಒಂದು, ಮೂರು ದಿನ ಇರುವಾಗ ದಿನಕ್ಕೆರಡು. "ಭಾವೂ, ತುಮ್ಚಾ ಸರ್ಟಿಫಿಕೇಟ್ ಸಂಪ್‌ತೋಯ್ ಹಾಂ" ಎಂದು ನಿಮ್ಮ ಅವಧಿ ಮುಗಿಯುತ್ತಿದೆ ಅಣ್ಣಾ ಎನ್ನುವುದನ್ನು ಮಗಳ ಮದುವೆ ನೆನಪಿಸುವವರ ಹಾಗೆ ಹೇಳುತ್ತಿದ್ದರು. ಊಟದ ಹೊತ್ತಿನಲ್ಲಿ ಕೇಳಿದರೆ ಅವರ ಟೇಬಲಿನಿಂದ ಇದೇ ಧ್ವನಿ. ಕೆಲವರು ನಗುತ್ತಿದ್ದರು. ಆದರೆ ನನಗೆ ದೂರಿನ ಕರೆಗಳು ಕಡಿಮೆಯಾಗಿದ್ದವು. ನಾಲ್ಕು ವರ್ಷ ಒಂದೇ ಒಂದು ವರದಿ ಒಂದು ದಿನಕ್ಕಿಂತ ಹೆಚ್ಚು ನಿಂತದ್ದಿಲ್ಲ.

ಹಾಗಿರುವಾಗ ಕಲ್ಯಾಣದ ಒಂದು ದೊಡ್ಡ ಆಸ್ಪತ್ರೆ, ನಿಮ್ಮ ಯಾರೋ ಹೆಂಗಸು ದಿನಾ ಫೋನ್ ಮಾಡಿ ಪೀಡಿಸುತ್ತಾರೆ ಎಂದು ದೂರು ಬರೆಯಿತು. ಆ ದೂರನ್ನು ದೇಶಮುಖ್ ಸರ್‌ಗೆ ದಾಟಿಸಿದವನು ನಾನು. ಅದು ನನ್ನ ಕೆಲಸವಾಗಿತ್ತು. ಸರ್ ಕೆಟ್ಟವರಲ್ಲ. ಮೇಡಂರನ್ನು ತಮ್ಮ ಕೋಣೆಗೆ ಕರೆದು ಮೆತ್ತಗೆ ಹೇಳಿದರು. ಇನ್ನು ಮುಂದೆ ಫೋನ್ ಬೇಡ, ಅವಧಿ ಮುಗಿಯುವ ಮೊದಲು ಆಸ್ಪತ್ರೆಗೆ ತಾನಾಗಿ ಸೂಚನೆ ಕಳಿಸುವ ಒಂದು ವ್ಯವಸ್ಥೆ ಹಾಕಿಸುತ್ತೇವೆ. ಮೇಲ್ ನಿಂತರೂ ತಾನಾಗಿ ನೋಟಿಸ್ ಬರುತ್ತದೆ. ಯಾರಿಗೆ ಬರಬೇಕು? ಆಸ್ಪತ್ರೆಗಳ ಜೊತೆ ಮಾತಾಡುವವರಿಗೆ, ಅಂದರೆ ನನ್ನ ವಿಭಾಗದ ಮೇಲ್‌ಬಾಕ್ಸಿಗೆ. ಮೇಡಂಗೆ ಮಹಾಪೆಯ ಹೊಸ ಕಟ್ಟಡಕ್ಕೆ ಸರ್ವರುಗಳನ್ನು ಸಾಗಿಸುವ ಕೆಲಸ ಬಿತ್ತು.

"ಶೆಟ್ರ, ನೋಟಿಸ್ ನೀವು ನೋಡ್ತೀರಲ್ಲ?" ಎಂದು ಮಹಾಪೆಗೆ ಹೋಗುವ ಮೊದಲು ಅವರು ನನ್ನ ಟೇಬಲಿಗೆ ಬಂದು ಕೇಳಿದರು.

"ನೋಡ್ತೇನೆ ಮೇಡಂ."

"ದಿನಾ ನೋಡ್ಬೇಕಾಗ್ತೈತಿ."

"ಆಯ್ತು ಮಾರಾಯ್ರೆ, ನೋಡ್ತೇನೆ."

ಮೊದಲ ವಾರ ನೋಡಿದೆ. ಎಂತಹ ನೋಟಿಸುಗಳು ಗೊತ್ತೇ! ಒಂದು ಮೇಲ್ ಹತ್ತು ನಿಮಿಷ ತಡವಾದರೂ ಒಂದು, ಅದು ಹೋದ ಮೇಲೆ ಇನ್ನೊಂದು. ಬೆಳಿಗ್ಗೆ ಬಂದು ಕೂತರೆ ಮೇಲ್‌ಬಾಕ್ಸ್ ತುಂಬ ಅವೇ. ನಿಜವಾದ ದೂರುಗಳು ಅವುಗಳ ನಡುವೆ ಮುಳುಗಿಹೋಗುತ್ತಿದ್ದವು. ಎರಡನೆಯ ವಾರ ನಾನು ಒಂದು ಫಿಲ್ಟರ್ ಹಾಕಿದೆ. ಆ ನೋಟಿಸುಗಳು ಬಂದ ಕೂಡಲೇ ತಾವಾಗಿ ಪಕ್ಕದ ಒಂದು ಫೋಲ್ಡರಿಗೆ ಹೋಗಬೇಕು. ಸಂಜೆ ಒಟ್ಟಿಗೆ ನೋಡಿದರಾಯಿತು ಎಂದುಕೊಂಡೆ. ಎರಡು ಸಂಜೆ ನೋಡಿದೆ. ಮೂರನೆಯ ಸಂಜೆ ಐದೂ ಐವತ್ತರ ಗಾಡಿ ಹಿಡಿಯಬೇಕಿತ್ತು. ಆಮೇಲೆ ಆ ಫೋಲ್ಡರ್ ನನ್ನ ಕಣ್ಣಿಗೆ ಬೀಳುವುದೇ ನಿಂತಿತು. ಇದನ್ನು ಬರೆಯುವಾಗ ಕೈ ತಡೆಯುತ್ತಿದೆ. ಆಗ ಏನೂ ಅನಿಸಿರಲಿಲ್ಲ.

ದೂರು ಬರೆದಿದ್ದ ಆ ಕಲ್ಯಾಣದ ಆಸ್ಪತ್ರೆಯ ಸರ್ಟಿಫಿಕೇಟ್ ಒಂದು ಶುಕ್ರವಾರ ಮುಗಿಯಿತು. ತಾನಾಗಿ ಹೋದ ಸೂಚನೆಯನ್ನು ಅಲ್ಲಿ ಯಾರೂ ಓದಿರಲಿಲ್ಲ. ಶುಕ್ರವಾರ ಸಂಜೆ ನಮ್ಮ ಲ್ಯಾಬಿನಿಂದ ಹೊರಟ ವರದಿಗಳು ನಮ್ಮ ಸರ್ವರಿನಲ್ಲೇ ನಿಂತವು. ಅವುಗಳಲ್ಲೊಂದು, ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸದಲ್ಲಿದ್ದ ಒಬ್ಬ ಹೆಂಗಸಿನದು. ವಯಸ್ಸು ಮೂವತ್ತೆಂಟು. ಒಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ ಎಂದು ಆಸ್ಪತ್ರೆಗೆ ಹೋಗಿದ್ದಳು. ರಕ್ತ ತೆಗೆದುಕೊಂಡು, ವರದಿ ಬಂದ ಮೇಲೆ ಕರೆಯುತ್ತೇವೆ ಎಂದು ಮನೆಗೆ ಕಳಿಸಿದ್ದರು. ನಮ್ಮ ಲ್ಯಾಬಿನ ಡಾಕ್ಟರು ಕಂಡದ್ದು ರಕ್ತದ ಕ್ಯಾನ್ಸರಿನ ಒಂದು ಬಗೆ. ಬೇಗ ಔಷಧ ಶುರುಮಾಡಿದರೆ ವಾಸಿಯಾಗುವುದೇ ಹೆಚ್ಚಂತೆ, ತಡವಾದರೆ ಒಳಗೆ ರಕ್ತ ಸುರಿಯುವುದಂತೆ. ಅವರು ಆಸ್ಪತ್ರೆಗೆ ಫೋನ್ ಮಾಡಿದ್ದರು. ಯಾರೂ ಎತ್ತಲಿಲ್ಲ. "ಮೇಲ್ ಮಾಡಲಾಗಿದೆ" ಎಂದು ಬರೆದು ಮುಂದಿನ ಸ್ಲೈಡಿಗೆ ಹೋದರು.

ಶನಿವಾರ, ಭಾನುವಾರ, ಸೋಮವಾರ. ನೋಟಿಸುಗಳು ನನ್ನ ಮೇಲ್‌ಬಾಕ್ಸಿಗೆ ಬಂದವು, ನನ್ನ ಫಿಲ್ಟರ್ ಅವನ್ನು ಪಕ್ಕಕ್ಕಿಟ್ಟಿತು. ಮೇಡಂ ಮಹಾಪೆಯಲ್ಲಿ ಕೇಬಲ್ಲುಗಳ ನಡುವೆ ಇದ್ದರು. ಮಂಗಳವಾರ ಬೆಳಿಗ್ಗೆ ಆ ಹೆಂಗಸು ಮನೆಯಲ್ಲಿ ಮಾತು ತೊದಲಿ ಬಿದ್ದಳು. ಆಸ್ಪತ್ರೆ ಸೇರುವಷ್ಟರಲ್ಲಿ ಮುಗಿದಿತ್ತು.

ಬುಧವಾರ ಅವಳ ಅಣ್ಣ ನಮ್ಮ ಆಫೀಸಿಗೆ ಬಂದರು. ಗಲಾಟೆ ಮಾಡಲಿಲ್ಲ. ಬಂದವರು ಕೈಯಲ್ಲಿ ಆಸ್ಪತ್ರೆಯ ಚೀಟಿ ಹಿಡಿದು ರಿಸೆಪ್ಷನ್ನಿನ ಎದುರಿನ ಕುರ್ಚಿಯಲ್ಲಿ ಕೂತಿದ್ದರು. ದೇಶಮುಖ್ ಸರ್, ನಾನು, ಮಹಾಪೆಯಿಂದ ಆಗಷ್ಟೇ ಬಂದ ಮೇಡಂ, ಮೂವರೂ ಹೋದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೇಲ್ ಗೇಲಾ ಹೋತಾ ಕಾ?" ಮೇಲ್ ಹೋಗಿತ್ತೇ?

ಸರ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಡಂ ಮರಾಠಿಯಲ್ಲಿ ಹೇಳಿದರು: "ಇಲ್ಲ ದಾದಾ. ನಾವು ಬಿಡಲಿಲ್ಲ. ನಮ್ಮ ಹತ್ತಿರವೇ ಇತ್ತು."

ಆ ಮನುಷ್ಯ ಅವರನ್ನೇ ನೋಡಿದರು. "ನಾಲ್ಕು ದಿನ?"

"ನಾಲ್ಕು ದಿನ."

ಅವರು ಎದ್ದು, ಚೀಟಿ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು ಹೋದರು. ಅವರು ಬೈದಿದ್ದರೆ, ಕೈ ಎತ್ತಿದ್ದರೆ ಮೇಡಂಗೆ ಒಳ್ಳೆಯದಾಗುತ್ತಿತ್ತೋ ಏನೋ. ಮೇಡಂ ಅಲ್ಲೇ ನಿಂತಿದ್ದರು. ಲಿಫ್ಟ್ ಮೇಲೆ ಬಂದು, ಬಾಗಿಲು ತೆರೆದು ಮುಚ್ಚಿ, ಮತ್ತೆ ಕೆಳಗೆ ಹೋಯಿತು.

ಮಾರನೆಯ ದಿನ ವಿಚಾರಣೆ. ದೇಶಮುಖ್ ಸರ್, ಇನ್ನಿಬ್ಬರು ಮೇಲಿನವರು, ಮೇಡಂ, ನಾನು. ಯಾವ ಕಾರಣಕ್ಕೆ ಮೇಲ್ ನಿಂತಿತು ಎಂದು ಕೇಳಿದರು. ಮೇಡಂ ಹೇಳಿದರು. ಈ ರೂಲ್ ಮಾಡಿದವರು ಯಾರು ಎಂದು ಕೇಳಿದರು. "ನಾನು" ಎಂದರು. ನಿಂತಾಗ ನೋಟಿಸ್ ಬರಬೇಕಿತ್ತಲ್ಲ, ಬಂದಿತ್ತೇ ಎಂದು ಸರ್ ನನ್ನ ಕಡೆ ತಿರುಗಿದರು.

ಮನೆಯ ಸಾಲ, ಮಗಳ ಶಾಲೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು ಎಂದು ಈಗ ಹೇಳಬಹುದು. ನಿಜವೆಂದರೆ ಏನೂ ಬರಲಿಲ್ಲ. ಬಾಯಿ ತಾನಾಗಿ ಹೇಳಿತು: "ನೋಟಿಸ್ ದಿನಕ್ಕೆ ನೂರಾರು ಬರುತ್ತವೆ ಸರ್. ಇದು ನಮ್ಮ ಕಣ್ಣಿಗೆ ಬಿದ್ದಿಲ್ಲ."

ಒಂದೊಂದು ಶಬ್ದವೂ ನಿಜ. ಒಟ್ಟಿನಲ್ಲಿ ಸುಳ್ಳು.

ಮೇಡಂ ಕೈಯಲ್ಲಿ ಸರ್ವರಿನ ಲಾಗ್ ಇತ್ತು, ಪ್ರಿಂಟ್ ತೆಗೆದ ನಾಲ್ಕು ಹಾಳೆ. ಅವರು ಎಂದಿನಂತೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ನಾನು ಕೂತಲ್ಲಿಂದಲೇ ಕಾಣುತ್ತಿತ್ತು. ನೋಟಿಸ್ ನಮ್ಮ ಮೇಲ್‌ಬಾಕ್ಸಿಗೆ ಬಂದ ಹೊತ್ತು, ಅದನ್ನು ಸರಿಸಿದ ಫಿಲ್ಟರಿನ ಹೆಸರು. ಅದಕ್ಕೆ ನಾನು ನನ್ನ ಹೆಸರನ್ನೇ ಇಟ್ಟಿದ್ದೆ. ಅವರು ನನ್ನ ಮುಖ ನೋಡಿದರು. ತುಂಬ ಹೊತ್ತೇನಲ್ಲ. ಆಮೇಲೆ ಹಾಳೆಗಳನ್ನು ಮಗುಚಿ ಟೇಬಲಿನ ಮೇಲಿಟ್ಟು, ಮೇಲೆ ಎರಡೂ ಅಂಗೈ ಇಟ್ಟುಕೊಂಡರು.

"ಬೇರೆ ಏನಾದರೂ ಹೇಳುವುದಿದೆಯೇ ಮ್ಯಾಡಮ್?" ಎಂದರು ಸರ್.

"ಇಲ್ರಿ," ಎಂದರು. ಅಲ್ಲಿ ಕನ್ನಡ ತಿಳಿಯುವವನು ನಾನೊಬ್ಬನೇ. ಆಮೇಲೆ ಅದನ್ನೇ ಹಿಂದಿಯಲ್ಲಿ ಹೇಳಿದರು.

ತೀರ್ಮಾನ ಆ ಮಧ್ಯಾಹ್ನವೇ ಬಂತು. ಎಲ್ಲ ಆಸ್ಪತ್ರೆಗಳಿಗೂ ರೂಲ್ ತೆಗೆಯಬೇಕು. ಸಿಕ್ಕರೆ ಎನ್‌ಕ್ರಿಪ್ಟ್, ಸಿಗದಿದ್ದರೆ ಹಾಗೆಯೇ, ಮೇಲ್ ನಿಲ್ಲಕೂಡದು. ತೆಗೆಯುವ ಕೆಲಸವೂ ಮೇಡಂಗೇ. ಒಂದು ಸಾಲು ಅಳಿಸಿದ್ದರೆ ಎಲ್ಲಕ್ಕೂ ಒಟ್ಟಿಗೆ ಹೋಗುತ್ತಿತ್ತು ಎಂದು ಅವರ ವಿಭಾಗದವರು ಆಮೇಲೆ ಹೇಳಿದರು. ಅವರು ಹಾಗೆ ಮಾಡಲಿಲ್ಲ. ನೋಟ್‌ಬುಕ್ ಬಿಚ್ಚಿಟ್ಟುಕೊಂಡು ಒಂದೊಂದು ಆಸ್ಪತ್ರೆಯ ಪುಟ ತೆಗೆದು, ಸರ್ವರಿನ ಪಟ್ಟಿಯಿಂದ ಅದರ ಹೆಸರು ಅಳಿಸಿ, ಪುಟಕ್ಕೆ ಗೆರೆ ಹೊಡೆದು ಮುಂದಿನದಕ್ಕೆ ಹೋದರು. ಎರಡು ದಿನ ಹಿಡಿಯಿತು. ನಾನು ಆ ಎರಡು ದಿನ ಅವರ ಟೇಬಲಿನ ದಾರಿ ಬಿಟ್ಟು ಕ್ಯಾಂಟೀನಿಗೆ ಸುತ್ತಿ ಹೋದೆ.

ಆಮೇಲೆ ಅವರನ್ನು ಖಾರಘರದ ಗೋದಾಮಿಗೆ ಹಾಕಿದರು. ಹಳೆಯ ಕಂಪ್ಯೂಟರು, ಪ್ರಿಂಟರುಗಳಿಗೆ ನಂಬರಿನ ಚೀಟಿ ಅಂಟಿಸಿ ಪಟ್ಟಿ ಮಾಡುವ ಕೆಲಸ. ಬಿಟ್ಟುಹೋಗಲಿ ಎಂದೇ ಹಾಕಿದ್ದೆಂದು ಎಲ್ಲರಿಗೂ ಗೊತ್ತಿತ್ತು. ಅವರು ಬಿಡಲಿಲ್ಲ. ಡೊಂಬಿವಲಿಯಿಂದ ಠಾಣೆ, ಠಾಣೆಯಿಂದ ಪನವೇಲ್ ಗಾಡಿ ಹಿಡಿದು ದಿನಾ ಹೋಗಿ ಬಂದರು. ಐರೋಲಿಯಲ್ಲಿ ಹತ್ತು ತಿಂಗಳಲ್ಲಿ ಅವರ ಹೆಸರು ಹೇಳುವವರೇ ಉಳಿಯಲಿಲ್ಲ. ಮೇಲ್‌ಗಳು ಸರಾಗವಾಗಿ ಹೋಗುತ್ತಿದ್ದವು. ಬಿಚ್ಚಿ ಎಷ್ಟು ಹೋದವು, ಯಾರು ಹಿಡಿದು ಓದಿದರು, ಅದನ್ನು ನೋಡುವ ಕೆಲಸ ಯಾರದ್ದೂ ಆಗಿರಲಿಲ್ಲ. ನನಗೆ ಪ್ರಮೋಷನ್ ಆಯಿತು, ದೂರುಗಳು ಕಡಿಮೆಯಾದವೆಂದು.

ಪ್ರಮೋಷನ್ ಆದ ವಾರವೇ ನಾನು ಖಾರಘರಕ್ಕೆ ಹೋದೆ. ಹೆಂಡತಿಗೂ ಹೇಳಿರಲಿಲ್ಲ. ಎತ್ತರದ ಹೊಸ ಕಟ್ಟಡಗಳ ಹಿಂದೆ, ಗುಡ್ಡದ ಬುಡದ ಕಡೆ ತಗಡಿನ ಮಾಡಿನ ಗೋದಾಮು. ಮೇಡಂ ಸ್ವೆಟರ್ ಇಲ್ಲದೆ ಕೂತಿದ್ದರು. ಅಲ್ಲಿ ಫ್ಯಾನೂ ಸರಿಯಾಗಿ ತಿರುಗುತ್ತಿರಲಿಲ್ಲ. ಕೂದಲು ಪೂರ್ತಿ ಬಿಳಿಯಾಗಿತ್ತು.

"ಏನ್ ಶೆಟ್ರ, ಇಷ್ಟು ದೂರ?"

ನಾನು ನಿಂತೇ ಹೇಳಿದೆ. ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. "ಮೇಡಂ, ಆ ನೋಟಿಸ್ ಬಂದಿತ್ತು. ಫಿಲ್ಟರ್ ಹಾಕಿದ್ದು ನಾನು."

"ಗೊತ್ತೈತಿ," ಎಂದು ಅವರು ಕೈಯಲ್ಲಿದ್ದ ಚೀಟಿಯನ್ನು ಒಂದು ಪ್ರಿಂಟರಿಗೆ ಅಂಟಿಸಿ ಹೆಬ್ಬೆರಳಿಂದ ಒತ್ತಿದರು.

"ಯಾಕೆ ಹೇಳಲಿಲ್ಲ?"

"ಹೇಳಿದ್ರ ನಿಮ್ಮನ್ನ ತೆಗೀತಿದ್ರು. ರೂಲೇನು ಉಳೀತಿದ್ದಿಲ್ಲ. ಆಕಿನೂ ತಿರುಗಿ ಬರ್ತಿದ್ದಿಲ್ಲ." ಇನ್ನೊಂದು ಚೀಟಿ ಸುಲಿದುಕೊಂಡು ಅಂದರು, "ಮಾಫ್ ಮಾಡೀನಿ ಅಂತ ತಿಳ್ಕೋಬ್ಯಾಡ್ರಿ ಮತ್ತ. ಮಾಡಿಲ್ಲ. ನಿಮಗೂ ಮಾಡಿಲ್ಲ, ನನಗೂ ಮಾಡ್ಕೊಂಡಿಲ್ಲ."

"ರೂಲ್ ಸರಿಯಿತ್ತು ಮೇಡಂ. ನಾನು ನೋಡಿದ್ದರೆ..."

"ಸರಿ ಇತ್ತೋ ಇಲ್ಲೋ, ನನಗ ಈಗ ತಿಳೀವಲ್ದು ಶೆಟ್ರ. ಬಿಚ್ಚಿ ಕೊಟ್ಟಾಗ ಒಬ್ಬಾಂವ ಹೋದ. ಬಿಗಿ ಹಿಡದಾಗ ಒಬ್ಬಾಕಿ ಹೋದ್ಲು. ನಾ ದಿನಾ ಗಾಡ್ಯಾಗ ಇದನ್ನ ವಿಚಾರ ಮಾಡ್ತೀನಿ, ಡೊಂಬಿವಲಿಯಿಂದ ಇಲ್ಲಿತನಾ. ಒಂದು ದಿನಾನೂ ಮುಗಿದಿಲ್ಲ. ಮನಶ್ಯಾ ಬ್ಯಾಸರಿಲ್ಲದ ನೋಡ್ತಾನ ಅಂತ ನಂಬಿ ರೂಲ್ ಮಾಡಿದ್ದೆ. ಅಷ್ಟ ನನ್ನ ತಪ್ಪು."

ಸರ್‌ಗೆ ಎಲ್ಲವನ್ನೂ ಬರೆದು ಕಳಿಸುತ್ತೇನೆ ಎಂದೆ. ಅವರು ತಲೆ ಎತ್ತಿದರು. "ಬರೀತೀರೇನು?" ಎಂದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ಕೇಳಿದ್ದು. ಹೌದು ಎಂದೆ. "ಆತು, ಬರೀರಿ," ಎಂದು ಮುಂದಿನ ಪ್ರಿಂಟರಿಗೆ ಹೋದರು. ಚಹಾ ಕುಡಿಯುತ್ತೀರೇನು ಎಂದು ಕೇಳಲಿಲ್ಲ. ಬಾಗಿಲ ತನಕ ಬರಲಿಲ್ಲ. ಅದೇ ಕೊನೆಯ ಭೇಟಿ.

ಆರು ಸಾಲು ಬರೆಯಲು ನನಗೆ ಎರಡು ತಿಂಗಳು ಬೇಕಾಯಿತು. ಬರೆದೆ. ಅಷ್ಟರಲ್ಲಿ ದೇಶಮುಖ್ ಸರ್ ಬೇರೆ ಕಂಪನಿಗೆ ಹೋಗಿದ್ದರು. ಅವರ ಜಾಗಕ್ಕೆ ಬಂದವರು ಮೂರು ದಿನ ಬಿಟ್ಟು ಉತ್ತರ ಕಳಿಸಿದರು. ಈ ಪ್ರಕರಣ ಮುಗಿದಿದೆ, ಮತ್ತೆ ತೆರೆಯುವ ಅಗತ್ಯವಿಲ್ಲ, ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ. ನನ್ನನ್ನು ಯಾರೂ ಕರೆಯಲಿಲ್ಲ, ಕೇಳಲಿಲ್ಲ, ಕೆಲಸದಿಂದ ತೆಗೆಯಲಿಲ್ಲ. ಕಲ್ಯಾಣದ ಆ ಅಣ್ಣನ ಮನೆ ಹುಡುಕಿಕೊಂಡು ಹೋಗಿ ಹೇಳಬೇಕೆಂದು ಒಂದು ಭಾನುವಾರ ಸ್ಟೇಷನ್ನಿನವರೆಗೆ ಹೋದೆ. ಅಲ್ಲಿಂದ ವಾಪಸ್ ಬಂದೆ.

ಬರೆದಿದ್ದೇನೆ ಎಂದಾದರೂ ಮೇಡಂಗೆ ತಿಳಿಸೋಣವೆಂದು ಮಾರನೆಯ ದಿನ ಊಟದ ಹೊತ್ತಿಗೆ ಅವರ ಮೊಬೈಲಿಗೆ ಫೋನ್ ಮಾಡಿದೆ. ಎತ್ತಿದ್ದು ಗಂಡಸಿನ ಧ್ವನಿ, ಅದೇ ಗದಗಿನ ಕನ್ನಡ. ಮೇಡಂ ಇದ್ದಾರೆಯೇ ಎಂದು ಕೇಳಿದೆ.

"ಆಕಿ ತೀರ್ಕೊಂಡು ಹನ್ನೊಂದು ದಿನ ಆತ್ರಿ. ಠಾಣೆ ಸ್ಟೇಷನ್ನಿನ್ಯಾಗ, ಬ್ರಿಜ್ ಹತ್ತೂ ಮುಂದ ಕುಂತ್ಲಂತ. ಹಾರ್ಟ್." ಅವರು ಇದನ್ನು ಬಹಳ ಜನಕ್ಕೆ ಹೇಳಿ ಹೇಳಿ ಸಪಾಟಾದ ದನಿಯಲ್ಲಿ ಹೇಳಿದರು. "ನೀವು ಯಾರ್ರಿ?"

"ಆಫೀಸಿನವನು. ಐರೋಲಿ ಆಫೀಸು. ಪ್ರಭಾಕರ ಶೆಟ್ಟಿ."

ಆ ಕಡೆ ಅವರು ನೆನಪು ಮಾಡಿಕೊಳ್ಳುತ್ತಿದ್ದದ್ದು ಕೇಳಿಸುವಂತಿತ್ತು. ಹಿಂದೆ ಎಲ್ಲೋ ಕುಕ್ಕರ್ ಕೂಗಿತು.

"ಶೆಟ್ಟಿ ಅಂತ ಆಕಿ ಯಾರ ಹೆಸರೂ ಹೇಳಿದ್ದಿಲ್ಲರಿ," ಎಂದರು. "ಏನರ ಕೆಲಸ ಇತ್ತೇನು?"

"ಇಲ್ಲ," ಎಂದೆ. "ಏನೂ ಇರಲಿಲ್ಲ."